ಪುಟ್ಟಸಿದ್ದಯ್ಯ ಮಾಡಿದ ಕೆಂಡದ ಕೋಳಿ ಸಾರು

ಹನೂರು ಬಸ್ ನಿಲ್ದಾಣದ ಹಿಂದೆ ತಗಡಿನ ಚಾವಣಿಯ ಒಂದು ಹೋಟೆಲಿತ್ತು. ಬೋರ್ಡಿಲ್ಲ, ಹೆಸರಿಲ್ಲ. ರಾಚಮ್ಮನ ಹೋಟ್ಲು ಎಂದರೆ ಗೋಪಿನಾಥಂ ಬಸ್ಸಿನವರಿಗೂ ಗೊತ್ತು. ಅದು ಅವಳ ಗಂಡ ಪುಟ್ಟಸಿದ್ದಯ್ಯನದೂ ಹೌದೆಂಬುದು ಯಾರಿಗೂ ನೆನಪಿರಲಿಲ್ಲ. ನೆನಪಿರದ ಹಾಗೆ ರಾಚಮ್ಮ ನೋಡಿಕೊಂಡಿದ್ದಳು.

ಗಂಡನನ್ನು ಅವಳು ಮನುಷ್ಯನೆಂದು ಎಣಿಸಿದ್ದೇ ಇಲ್ಲ. ಕುಂತೂರಿನ ಸಕ್ಕರೆ ಕಾರ್ಖಾನೆಗೆ ಕಬ್ಬು ಇಳಿಸಲು ಹೋಗಿ ಬೆನ್ನು ಹಿಡಿದುಕೊಂಡು ವಾಪಸ್ಸು ಬಂದವನು. ಯಳಂದೂರಿನಲ್ಲಿ ಸೈಕಲ್ ಶಾಪ್ ಇಟ್ಟು, ಗಿರಾಕಿಗಳ ಜೊತೆ ಹರಟೆ ಹೊಡೆದೇ ಅದಕ್ಕೆ ಬಾಗಿಲು ಹಾಕಿದವನು. ಕೊನೆಗೆ ಅವಳೇ ಒಲೆ ಹೂಡಬೇಕಾಯಿತು. ನೀರು ಹೊರುವುದು, ಕೋಳಿ ಕೊಯ್ಯುವುದು, ಎಂಜಲೆಲೆ ಎತ್ತುವುದು ಅವನ ಪಾಲಿಗೆ. ಸೌಟು ಮಾತ್ರ ಮುಟ್ಟುವಂತಿರಲಿಲ್ಲ.

"ಒಂದು ಮೊಳೆ ನೆಟ್ಟಗೆ ಒಡ್ಯಾಕೆ ಬರದಿಲ್ಲ ಇದಕ್ಕೆ" ಎಂದು ಗಿರಾಕಿಗಳ ಎದುರೇ ಅನ್ನುತ್ತಿದ್ದಳು. ಅವನು ಕೇಳಿಸದವನಂತೆ ಬಿಂದಿಗೆ ಎತ್ತಿಕೊಂಡು ಹೋಗುತ್ತಿದ್ದ. ಆ ಸುಮ್ಮನಿರುವಿಕೆಯೇ ಅವಳಿಗೆ ಇನ್ನಷ್ಟು ಅಸಹ್ಯ.

ಅವಳ ಕೋಳಿ ಸಾರಿಗೆ ಮಾತ್ರ ಎರಡು ಮಾತಿರಲಿಲ್ಲ. ಹುಣಸೆ ಸೌದೆಯ ಕೆಂಡ ಹರಡಿ, ಮೇಲೆ ಕಬ್ಬಿಣದ ಜಾಲರಿ ಇಟ್ಟು, ಟೊಮೆಟೊ, ಈರುಳ್ಳಿ, ಬೆಳ್ಳುಳ್ಳಿ ಗಡ್ಡೆ, ಮೆಣಸಿನಕಾಯಿ ಎಲ್ಲವನ್ನೂ ಸುಡುವಳು. ಅರಿಶಿನ, ಉಪ್ಪು ಸವರಿದ ಕೋಳಿಯೂ ಅದೇ ಜಾಲರಿಯ ಮೇಲೆ. ಟೊಮೆಟೊ, ಈರುಳ್ಳಿಗಳ ಕರಿ ಸಿಪ್ಪೆ ಸುಲಿದು, ಒರಳಲ್ಲಿ ರುಬ್ಬಿ, ಕೋಳಿ ಹಾಕಿ ಕುಡಿಯುವಷ್ಟು ತೆಳ್ಳಗೆ ಕುದಿಸಿದರೆ ಹೊಗೆಯ ಘಮ ಬಸ್ಸು ಕಾಯುವವರನ್ನೆಲ್ಲ ಎಳೆದು ತರುತ್ತಿತ್ತು. ಜೊತೆಗೆ ಮುಸುಕಿನ ಜೋಳದ ರೊಟ್ಟಿ.

ತೊಂಬತ್ತೇಳರ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಕುದಿವ ಪಾತ್ರೆ ಜಾರಿ ಅವಳ ಬಲಗೈ ಬೆಂದುಹೋಯಿತು. ಆಸ್ಪತ್ರೆಯಲ್ಲಿ ಬೆರಳ ತುದಿಯವರೆಗೆ ಬಟ್ಟೆ ಸುತ್ತಿ ಕಳಿಸಿದರು.

"ವಾಸಿಯಾಗೋ ತನಕ ಓಟ್ಲು ಮುಚ್ಚು" ಅಂದಳು.

"ಯಾಕಮ್ಮಿ ಮುಚ್ಚೋದು? ನಾನು ಮಾಡ್ತೀನಿ."

ರಾಚಮ್ಮನಿಗೆ ನೋವಿನಲ್ಲೂ ನಗು ಬಂತು. ಬೇಡ ಎನ್ನಲು ಹೊರಟವಳು ತಡೆದುಕೊಂಡಳು. ಊರಿನವರ ಎದುರು ಇವನ ಮಾನ ಒಮ್ಮೆ ಹೋಗಿಬಿಡಲಿ, ಮತ್ತೆಂದೂ ಬಾಯಿ ತೆರೆಯಬಾರದು ಅನಿಸಿತು. "ಮಾಡು. ಬಂದೋರೆಲ್ಲ ಉಗ್ದೋಗ್ಲಿ" ಎಂದು ಬೆಂಚಿನ ಮೇಲೆ ಕೂತಳು, ತಮಾಷೆ ನೋಡಲು.

ನೋಡುವಂಥದ್ದೂ ಇತ್ತು. ಬಿಸಿ ಟೊಮೆಟೊ ಬರಿಗೈಲಿ ತಿರುಗಿಸಲು ಹೋಗಿ ಬೆರಳು ಬಾಯಿಗಿಟ್ಟುಕೊಂಡ. ಬೆಳ್ಳುಳ್ಳಿ ಜಾಲರಿಯ ಸಂದಿಯಿಂದ ಬೂದಿಗೆ ಬಿತ್ತು. ದಿನಾ ಊಟಕ್ಕೆ ಬರುತ್ತಿದ್ದ ಬಸ್ ಕಂಡಕ್ಟರ್ ಮಣಿಕಂಠನಿಗೆ ಅವಳು ಒಂದೊಂದನ್ನೂ ತೋರಿಸಿ ನಕ್ಕಳು. ಪುಟ್ಟಸಿದ್ದಯ್ಯ ತಲೆ ಎತ್ತಲಿಲ್ಲ. ಸಾರು ಕುದಿಯುವಾಗ ಹಿಂದಿನ ದಿನ ಉಳಿದಿದ್ದ ಜೋಳದ ರೊಟ್ಟಿಗಳನ್ನು ಕೆಂಡದ ಮೇಲೆ ಗರಿಗರಿಯಾಗುವಂತೆ ಸುಟ್ಟ. ಮುರಿದು ಬಟ್ಟಲಿಗೆ ಹಾಕಿ, ಮೇಲೆ ಸಾರು ಸುರಿದು, ಬಿಡಿಸಿದ ಕೋಳಿ, ಕೊತ್ತಂಬರಿ, ನಿಂಬೆರಸ ಹಾಕಿ ಮಣಿಕಂಠನ ಮುಂದಿಟ್ಟ.

"ಅಯ್ಯೋ ಇವನ ಮನೆ ಕಾಯ್ವೋಗ! ನಾಯಿಗಾಕೋ ರೊಟ್ಟಿನ ಗಿರಾಕಿಗಿಕ್ತಾವ್ನೆ" ಎಂದು ರಾಚಮ್ಮ ಕೂಗಿದಳು.

ಮಣಿಕಂಠ ಒಂದು ಗುಟುಕು ಕುಡಿದ. ಬಟ್ಟಲು ಎತ್ತಿ ಪೂರ್ತಿ ಮುಗಿಸಿದ. "ಇನ್ನೊಂಚೂರು ಆಕು ಸಿದ್ದಣ್ಣ. ಅಕ್ಕಾ, ಇದು ನಿನ್ ಸಾರಿಗಿಂತ..." ಎಂದವನು ಅವಳ ಮುಖ ನೋಡಿ ಮಾತು ನುಂಗಿದ.

ಮಧ್ಯಾಹ್ನ ಜನ ಖಾಲಿಯಾದ ಮೇಲೆ ಅವಳು ಎಡಗೈಯಿಂದ ಪಾತ್ರೆಯ ತಳ ಕೆರೆದು ಬಾಯಿಗಿಟ್ಟಳು. ಚೆನ್ನಾಗಿತ್ತು. ಹೊಗೆ, ಹುಳಿ, ಮೆತ್ತಗಾಗುತ್ತಲೇ ಹಲ್ಲಿಗೆ ಕುರುಮ್ಮೆನ್ನುವ ರೊಟ್ಟಿ. ಇನ್ನೊಮ್ಮೆ ತಳ ಕೆರೆದಳು.

"ಎಲ್ಲಿ ಕಲ್ತೆ?"

"ನಿನ್ನ ನೋಡೇ. ಇಷ್ಟು ವರ್ಸ ನೀರು ತಂದು ಮಡಗುವಾಗ ಕಣ್ಣು ಮುಚ್ಕಂಡಿದ್ನಾ?"

"ಉಪ್ಪು ಜಾಸ್ತಿ" ಎಂದು ಅವಳು ಬಟ್ಟಲು ತಳ್ಳಿದಳು.

ಕೈ ವಾಸಿಯಾದ ದಿನವೇ ಸೌಟು ಕಿತ್ತುಕೊಂಡಳು. ಗಿರಾಕಿಗಳು ರೊಟ್ಟಿ ಸಾರು ಕೇಳಿದರು. "ರೊಟ್ಟಿ ಮುರ್ಯೋದೂ ಒಂದು ಅಡ್ಗೇನಾ?" ಎಂದು ಗೊಣಗುತ್ತಲೇ ತಾನೇ ಮಾಡತೊಡಗಿದಳು. ಗಂಡ ಮತ್ತೆ ಎಂಜಲೆಲೆ ಎತ್ತಿದ.

ಕೆಲವು ತಿಂಗಳ ನಂತರ ಕೊಳ್ಳೇಗಾಲದಿಂದ ಅವಳ ತಂಗಿಯ ಮಗಳು ಸಿಂಧು ಬಂದವಳು ಬಟ್ಟಲು ನೆಕ್ಕಿ, "ದೊಡ್ಡವ್ವಾ, ಇದ್ಯಾರು ಏಳ್ಕೊಟ್ರು?" ಎಂದು ಕೇಳಿದಳು.

"ಯಾರು ಏಳ್ಕೊಡ್ತಾರೆ? ನಾನೇ ಕಂಡಿಡ್ದಿದ್ದು" ಅಂದಳು ರಾಚಮ್ಮ.

ತಟ್ಟೆ ತೊಳೆಯುತ್ತಿದ್ದ ಪುಟ್ಟಸಿದ್ದಯ್ಯ ತಲೆ ಎತ್ತಿ ಅವಳನ್ನೊಮ್ಮೆ ನೋಡಿದ. ಸಿಟ್ಟಿನ ನೋಟವಲ್ಲ. ತುಳಿಯಲೂ ಅಸಹ್ಯವೆನಿಸುವ ಹುಳುವನ್ನು ನೋಡುವ ಬಗೆ. ಇಷ್ಟು ವರ್ಷ ತಾನು ಅವನನ್ನು ನೋಡಿದ್ದು ಹೀಗೆಯೇ ಎಂದು ಅವಳಿಗೆ ಗುರುತು ಸಿಕ್ಕಿತು. ಒಲೆಯತ್ತ ಬಗ್ಗಿ ಕೆಂಡ ಕೆದಕಿದಳು.

ವಾರದೊಳಗೆ ಅವನು ಕೊಳ್ಳೇಗಾಲ ರಸ್ತೆಯ ಬದಿಯಲ್ಲಿ ಸೋಗೆ ಹೊದಿಸಿ ತನ್ನದೇ ಒಲೆ ಹೂಡಿದ. "ಸೈಕಲ್ ಶಾಪಿನ ಗತಿಯೇಯ, ನೋಡ್ತಿರಿ" ಎಂದು ರಾಚಮ್ಮ ಎಲ್ಲರಿಗೂ ಸಾರಿದಳು. ಹಾಗಾಗಲಿಲ್ಲ. ಕಬ್ಬಿನ ಟ್ರ್ಯಾಕ್ಟರಿನವರು ಅವನ ರೊಟ್ಟಿ ಸಾರಿಗೆಂದು ಅಲ್ಲೇ ನಿಲ್ಲತೊಡಗಿದರು. ಸಂಜೆ ಅವನು ಮನೆಗೇ ಬರುತ್ತಿದ್ದ. ಅವಳು ಮುದ್ದೆ ಇಕ್ಕುತ್ತಿದ್ದಳು, ಅವನು ಉಣ್ಣುತ್ತಿದ್ದ. ಸಾರಿನ ಮಾತು ಇಬ್ಬರೂ ಎತ್ತುತ್ತಿರಲಿಲ್ಲ.