ಸವೆದ ಗಾಯದ ಬಣ್ಣ

2023ನೆಯ ಇಸವಿ, ನನಗಾಗ ಐವತ್ತಮೂರು ವರ್ಷ. ಮಂಗಳೂರಿನ ಶಾಲೆಯಲ್ಲಿ ಬಹುಕಾಲ ವ್ಯಾಕರಣ ಕಲಿಸಿದವನು ನಾನು. ಅಕ್ಟೋಬರಿನ ಒಂದು ಬೆಳಿಗ್ಗೆ ಎಂಟೂಕಾಲಿಗೆ ಎವರ್‌ಗ್ರೀನ್ ಬಡಾವಣೆಯಲ್ಲಿ ನಾವು ಬಂದು ನೆಲೆಸಿದ್ದ ಮನೆಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟೆವು. ದೂರ ಸುಮಾರು ಐವತ್ತು ಮೈಲಿ. ಕಾರು ನಡೆಸುತ್ತಿದ್ದವಳು ಪತ್ನಿ ಫಿಲೋಮಿನಾ.

ನನ್ನ ತೊಡೆಯ ಮೇಲಿನ ಲಕೋಟೆಯಲ್ಲಿ, ತೀರಿಹೋದ ಅತ್ತೆಯ ಪ್ರಾರ್ಥನಾ ಪುಸ್ತಕದೊಳಗಿದ್ದ ಯೇಸುವಿನ ಅಂಗೈಯಗಲದ ಅಚ್ಚುಚಿತ್ರವಿತ್ತು. ದಿನವೂ ಪ್ರಾರ್ಥನೆ ಮುಗಿದೊಡನೆ ಅತ್ತೆ ಚಿತ್ರದಲ್ಲಿನ ಯೇಸುವಿನ ಪಕ್ಕೆಯ ಗಾಯಕ್ಕೆ ಬೆರಳು ತಾಗಿಸಿ, ಆ ಬೆರಳನ್ನು ತುಟಿಗೊತ್ತಿಕೊಳ್ಳುತ್ತಿದ್ದರು. ಹಾಗಾಗಿ ಗಾಯ ಅಳಿಸಿ, ಬರಿಯ ಕಾಗದ ಉಳಿದಿತ್ತು. ಅದಕ್ಕೆ ಬಣ್ಣ ತುಂಬಿಸಲು ಮಾರ್ಗನ್ ಹಿಲ್‌ನ ಕುಶಲಕರ್ಮಿಯೊಬ್ಬರ ಬಳಿ ಅಂದೇ ಸಂಜೆ ನಾಲ್ಕಕ್ಕೆ ಸಮಯ ಗೊತ್ತುಮಾಡಿದ್ದೆ. ಅದಕ್ಕೂ ಮೊದಲು, ಗಾಯದ ಸರಿಯಾದ ಆಕಾರವನ್ನೂ ಬಣ್ಣವನ್ನೂ ತಿಳಿಯಲು, ಸ್ಯಾನ್ ಫ್ರಾನ್ಸಿಸ್ಕೋದ ಗ್ರಂಥಾಲಯವೊಂದರಲ್ಲಿ ಹದಿನೈದನೆಯ ಶತಮಾನದ ಇಂಥದೇ ಚಿತ್ರವನ್ನು ನೋಡುವುದೆಂದು ನಿಶ್ಚಯಿಸಿದ್ದೆ.

"ನಿಮಗೆ ಎಂತ ಕಂಡ್ರೂ ತಿದ್ಬೇಕು ಮಾರಾಯ್ರೆ," ಎಂದಳು ಫಿಲೋಮಿನಾ. "ಈಗ ಅಮ್ಮನ ಬೆರಳಿನ ಗುರುತಿಗೂ ಕೆಂಪು ಶಾಯಿ."

"ಹಾಳಾದದ್ದನ್ನ ಸರಿಮಾಡಿಸೋದು ತಪ್ಪಾ?"

"ಹಾಳಾಗಿದೆ ಅಂತ ನಿಮಗೆ ಹೇಳಿದ್ದು ಯಾರು?"

ದಾರಿಯಲ್ಲಿ ಸಿಗುವ ಡೇಲಿ ಸಿಟಿಯಲ್ಲಿ ದಟ್ಟ ಮಂಜು. ಹತ್ತಕ್ಕೆ ಗ್ರಂಥಾಲಯ ತಲುಪಿದೆವು. ಅಲ್ಲಿ ಹಳೆಯ ಹಾಳೆಗಳಿಗೆ ಶಾಯಿ ತಾಗದಿರಲೆಂದು ನನ್ನ ಪೆನ್ನನ್ನು ಹೊರಗಿಡಿಸಿ ಪೆನ್ಸಿಲ್ ಕೊಟ್ಟರು. ಹಿರಿಯ ಗ್ರಂಥಪಾಲಕಿಯೊಬ್ಬರು ಹಾಳೆಯನ್ನು ತಂದಿಟ್ಟರು. ಮರದ ಅಚ್ಚಿನಿಂದ ಮುದ್ರಿಸಿ, ಕೈಯಿಂದ ಬಣ್ಣ ಹಚ್ಚಿದ ಚಿತ್ರ. ಯಾರೋ ಅದನ್ನು ತಮ್ಮ ಪುಸ್ತಕಕ್ಕೆ ಹೊಲಿದುಕೊಂಡಿದ್ದ ಸೂಜಿಯ ತೂತುಗಳು ಅಂಚಿನಲ್ಲಿದ್ದವು. ಮುಳ್ಳಿನ ಕಿರೀಟದ ಹಸಿರು ಇನ್ನೂ ಮಾಸಿರಲಿಲ್ಲ. ಪಕ್ಕೆಯ ಗಾಯವಿರಬೇಕಾದಲ್ಲಿ ಮಾತ್ರ ಬಿಳಿಯ ಕಲೆ.

ಇದನ್ನೇಕೆ ದುರಸ್ತಿ ಮಾಡಿಸಿಲ್ಲವೆಂದು ಇಂಗ್ಲಿಷಿನಲ್ಲಿ ಕೇಳಿದೆ.

"ಇಟ್ಟುಕೊಂಡಿದ್ದವರು ಮುಟ್ಟಿ ಮುಟ್ಟಿ, ಮುತ್ತಿಟ್ಟು ಸವೆಸಿದ್ದು," ಎಂದರು ಆಕೆ. "ಅವರ ಹೆಸರು ನಮಗೆ ಗೊತ್ತಿಲ್ಲ. ಅವರದೆಂದು ಉಳಿದಿರುವುದು ಇದೊಂದೇ."

ಫಿಲೋಮಿನಾಳ ಬಲಗೈ ತಾನಾಗಿ ಹಾಳೆಯತ್ತ ಚಾಚಿತು. "ದಯವಿಟ್ಟು ಮುಟ್ಟಬೇಡಿ," ಎಂದು ಗ್ರಂಥಪಾಲಕಿ ಮೆಲ್ಲಗೆ ತಡೆದರು. ನಾನು ಏನನ್ನೂ ಬರೆದುಕೊಳ್ಳದೆ ಪೆನ್ಸಿಲ್ ಕೆಳಗಿಟ್ಟೆ.

ಕಾರಿನಲ್ಲೇ ಕುಳಿತು ಚಪಾತಿ, ಒಣಸೀಗಡಿ ಚಟ್ನಿ ತಿಂದೆವು.

"ಸಿಕ್ಕಿತಾ ನಿಮ್ಮ ಬಣ್ಣ?" ಎಂದು ಕೇಳಿದಳು.

ಮೂರೂಕಾಲಿಗೆ 101ನೆಯ ಫ್ರೀವೇಯಲ್ಲಿ ನಮ್ಮ ಮನೆಯ ಕಡೆಗೆ ತಿರುಗುವ ಎಕ್ಸಿಟ್ ಸಮೀಪಿಸಿತು. ಮಾರ್ಗನ್ ಹಿಲ್‌ಗೆ ನೇರ ಮುಂದೆ ಹೋಗಬೇಕಿತ್ತು.

"ಇಲ್ಲೇ ಮನೆ ಕಡೆ ತಿರುಗಿಸು," ಎಂದೆ.

ಮನೆಗೆ ಬಂದು ಕುಶಲಕರ್ಮಿಗೆ ಫೋನ್ ಮಾಡಿ, ಬರುವುದಿಲ್ಲವೆಂದು ತಿಳಿಸಿದೆ. ಫಿಲೋಮಿನಾ ಚಿತ್ರವನ್ನು ಪುಸ್ತಕದಲ್ಲಿಟ್ಟಳು. ಮುಚ್ಚುವ ಮೊದಲು ಆ ಬಿಳಿಯ ಜಾಗಕ್ಕೆ ಬೆರಳು ತಾಗಿಸಿ, ತುಟಿಗೊತ್ತಿಕೊಂಡಳು. ಕಾಗದ ಇನ್ನಷ್ಟು ಸವೆಯುವುದೆಂದು ತಿಳಿದೂ ನಾನು ತಡೆಯಲಿಲ್ಲ. ಅಂದು 2023ರ ಅಕ್ಟೋಬರ್ 19, ಗುರುವಾರ.