ಮುಳುಗಿದ ಬೆಂಡು

ನಮ್ಮಿಬ್ಬರ ಮನೆಯಲ್ಲೂ ಮೀನು ತಿನ್ನುತ್ತಿರಲಿಲ್ಲ. ಆದರೂ ಆರು ವರ್ಷ, ಹೆಚ್ಚುಕಡಿಮೆ ಪ್ರತಿ ಭಾನುವಾರ, ಗಾಳ ಹಾಕಿಕೊಂಡು ಕೂತೆವು. ನಾನು ಬಾಗಲಕೋಟೆ ಕಡೆಯವನು, ಓಝರ್ ಹತ್ತಿರದ ವಿಮಾನ ಕಾರ್ಖಾನೆಯಲ್ಲಿ ಫಿಟ್ಟರ್. ಅವರು ಕುಂದಾಪುರದವರು, ನನಗಿಂತ ಹತ್ತು ವರ್ಷ ದೊಡ್ಡವರು. ನಾಸಿಕ್‌ನಲ್ಲಿ ಶಾಕಾಹಾರಿ ಹೋಟೆಲು ನಡೆಸುತ್ತಿದ್ದರು. ಹೆಂಡತಿ ತೀರಿಕೊಂಡಿದ್ದರು, ಒಬ್ಬಳೇ ಮಗಳನ್ನು ಸಂಭಾಜಿನಗರಕ್ಕೆ ಕೊಟ್ಟಿದ್ದರು. ಊಟಕ್ಕೆ ಹೋದಾಗ ಗಲ್ಲಾದಿಂದ ಕನ್ನಡ ಕೇಳಿಸಿ ಪರಿಚಯವಾಗಿತ್ತು. ಹುಡುಗತನದಲ್ಲಿ ಕದ್ದು ಗಾಳ ಹಾಕಿದ ಚಟ ಅವರನ್ನು ಬಿಟ್ಟಿರಲಿಲ್ಲ. "ಸುಮ್ನೆ ಕೂತ್ಕೊಳ್ಳಲಿಕ್ಕೆ ಒಂದು ನೆಪ ಬೇಕು ಮಾರಾಯ್ರೆ" ಎಂದು ನನ್ನನ್ನೂ ಎಳೆದುಕೊಂಡು ಹೋಗಿದ್ದರು.

ನಮ್ಮ ಜಾಗ ನಿಫಾಡ್ ರಸ್ತೆಯಿಂದ ಒಳಗೆ, ದ್ರಾಕ್ಷಿ ತೋಟಗಳ ನಡುವಿನ ಹೊಂಡ. ರಸ್ತೆ ಅಗಲ ಮಾಡುವಾಗ ಗರಸು ತೆಗೆದ ಗುಂಡಿಯಲ್ಲಿ ಮಳೆನೀರು ನಿಂತು ಆದದ್ದು. ತೋಟದ ಒಡತಿ, ಒಬ್ಬ ಮುದುಕಿ, ಅದರಲ್ಲಿ ಗೆಂಡೆ ಮೀನಿನ ಮರಿ ಬಿಡಿಸಿದ್ದಳು. ಹಿಡಿದದ್ದನ್ನೆಲ್ಲ ನೀರಿಗೇ ವಾಪಸ್ ಬಿಡುತ್ತೇವೆಂದಾಗ ನಕ್ಕು ಒಪ್ಪಿದ್ದಳು. ಬೆಲ್ಲ ಹಾಕಿ ಕಲಸಿದ ಗೋಧಿಹಿಟ್ಟಿಗೆ ಗೆಂಡೆ ಬರುತ್ತಿತ್ತು. ಸಣ್ಣ ಗಾಳಕ್ಕೆ ಎರೆಹುಳದ ಚೂರು ಸಿಕ್ಕಿಸಿದರೆ ಬೆರಳುದ್ದದ ಬೆಳ್ಳಿ ಮೀನುಗಳು. ಹೊರಡುವಾಗ ಅವರು ನಿಂಬೆ ಹೋಳಿನಿಂದ ಕೈ ತಿಕ್ಕಿಕೊಳ್ಳುತ್ತಿದ್ದರು, ಹೋಟೆಲಿನಲ್ಲಿ ಯಾರಿಗೂ ವಾಸನೆ ಹತ್ತಬಾರದೆಂದು.

ಐದನೆಯ ವರ್ಷದ ಚಳಿಗಾಲದಲ್ಲಿ ಒಂದು ದಿನ ಅವರ ಗಾಳದ ಬೆಂಡು ಎರಡು ಸಲ ಕುಣಿದು ಪೂರ್ತಿ ಮುಳುಗಿತು. ಅವರು ಕೋಲು ಹಿಡಿದು ನೇರ ಅದನ್ನೇ ನೋಡುತ್ತ ಕೂತಿದ್ದರು, ಎಳೆಯಲಿಲ್ಲ. ದಾರ ಬಿಗಿದು ಕೋಲು ಕೈಯಿಂದ ಜಾರತೊಡಗಿದಾಗಲೇ ಬೆಚ್ಚಿದ್ದು.

"ಅಣ್ಣಾರ, ಬೆಂಡು ನಿಮಗ ಕಾಣಂಗಿಲ್ಲೇನ್ರಿ?"

ಅವರು ಕೋಲನ್ನು ನನ್ನ ಕೈಗೆ ಕೊಟ್ಟರು. ಆಮೇಲೆ ಹೇಳಿದರು: "ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿದೆಯಂತೆ. ಬದಿಯಲ್ಲಿ ಕಾಣ್ತದೆ. ನಡುವಿನಲ್ಲೇ ಮಸಿ ಬಳಿದ ಹಾಗೆ. ಮಗಳಿಗೆ ಹೇಳ್ಬೇಡಿ ಮಾರಾಯ್ರೆ. ಗೊತ್ತಾದ್ರೆ ಹೋಟೆಲು ಮುಚ್ಚಿಸಿ ಕರ್ಕೊಂಡು ಹೋಗ್ತಾಳೆ."

"ಮತ್ತ ಸ್ಕೂಟರು?"

"ಈ ರಸ್ತೆ ನನಗೆ ಬಾಯಿಪಾಠ."

ನಾನು ಆಗಲೇ ಮಗಳಿಗೆ ಫೋನ್ ಮಾಡಬೇಕಿತ್ತು. ಮಾಡಲಿಲ್ಲ. ಪಕ್ಕದಲ್ಲಿ ಕೂತು "ಈಗ ಎಳೀರಿ" ಎನ್ನುತ್ತಿದ್ದೆ, ಅವರು ಎಳೆಯುತ್ತಿದ್ದರು. ಮೀನು ಕೈಗೆ ಬಂದಾಗ ಹೆಬ್ಬೆರಳಿನಿಂದ ಹುರುಪೆ ಸವರಿ ಯಾವುದೆಂದು ಹೇಳುತ್ತಿದ್ದರು. ಆ ಖುಷಿ ನೋಡಿ ನಾನು ದೊಡ್ಡ ಉಪಕಾರ ಮಾಡುತ್ತಿದ್ದೇನೆ ಅಂದುಕೊಂಡೆ. ವಾಪಸ್ ಬರುವಾಗ ಓಝರ್‌ವರೆಗೆ ನನ್ನ ಬೈಕನ್ನು ಅವರ ಹಿಂದೆಯೇ ಇಟ್ಟುಕೊಂಡಿರುತ್ತಿದ್ದೆ. ಹಿಂದೆ ಬರುವವನು ಮುಂದಿನ ಅಪಾಯವನ್ನು ಹೇಗೆ ತಪ್ಪಿಸುತ್ತಾನೆ ಎಂದು ಒಂದು ದಿನವೂ ಕೇಳಿಕೊಳ್ಳಲಿಲ್ಲ.

ಮರುವರ್ಷ ದ್ರಾಕ್ಷಿಯ ಕುಡಿ ಚಿವುಟುವ ದಿನಗಳಲ್ಲಿ ಅದು ಆಯಿತು. ಸೂರ್ಯ ಇಳಿದಿದ್ದ. ತೋಟದ ಕೆಲಸ ಬಿಟ್ಟ ಹೆಂಗಸರು ಬುತ್ತಿ ಡಬ್ಬಿ ಹಿಡಿದು ರಸ್ತೆಯಂಚಿನಲ್ಲಿ ಹೋಗುತ್ತಿದ್ದರು. ಒಬ್ಬಾಕೆ ದಾಟಲೆಂದು ರಸ್ತೆಗೆ ಇಳಿದಳು. ನಾನು ನೋಡಿದೆ. ಅವರ ಸ್ಕೂಟರಿನ ಬ್ರೇಕ್ ದೀಪ ಹೊತ್ತಲೇ ಇಲ್ಲ. ನಾನು ಕೂಗಿದ್ದು ನನಗೇ ಕೇಳಿಸಿತು ಅಷ್ಟೆ.

ಆಕೆಯ ತೊಡೆಯ ಮೂಳೆ ಮುರಿದಿತ್ತು. ಅವರಿಗೆ ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಿರಲಿಲ್ಲ. ಮಣ್ಣಿನಲ್ಲಿ ಕೂತು "ಯಾರಿಗೆ? ಯಾರಿಗೆ ತಾಗಿತು?" ಎಂದು ಕೇಳುತ್ತಲೇ ಇದ್ದರು. ಆಕೆ ಎರಡು ಮಾರು ದೂರದಲ್ಲಿ, ಅವರ ಎದುರಿಗೇ ಬಿದ್ದಿದ್ದಳು.

ಮಗಳು ಅದೇ ರಾತ್ರಿ ಸಂಭಾಜಿನಗರದಿಂದ ಬಂದಳು. ಆಸ್ಪತ್ರೆಯ ಮೆಟ್ಟಿಲ ಮೇಲೆ ನನ್ನನ್ನು ನಿಲ್ಲಿಸಿ, "ಖರಂ ಸಾಂಗಾ, ಕಾಕಾ" ಎಂದು ಮರಾಠಿಯಲ್ಲಿ ಶುರುಮಾಡಿ, ತಡವರಿಸುವ ಕನ್ನಡಕ್ಕೆ ಬಂದಳು: "ಖರೆ ಹೇಳಿ. ಬಾಬಾಂದು ಕಣ್ಣು ನಿಮ್ಗೆ ಗೊತ್ತಿತ್ತಾ?"

"ಗೊತ್ತಿತ್ತವ್ವಾ" ಅಂದೆ.

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ತಲೆ ಆಡಿಸಿ ಒಳಗೆ ಹೋದಳು; ಅಂದಿನಿಂದ ನನ್ನನ್ನು ಕಾಕಾ ಅಂದಿಲ್ಲ. ಅವರು ಪೊಲೀಸರ ಮುಂದೆ ತಮ್ಮದೇ ತಪ್ಪೆಂದು ಒಪ್ಪಿಕೊಂಡರು. ನನ್ನ ವಿಷಯ ಅಲ್ಲಿ ಯಾರೂ ಕೇಳಲಿಲ್ಲ.

ಹೋಟೆಲು ಬೇರೆಯವರ ಕೈಗೆ ಹೋಯಿತು. ಎಂಟು ತಿಂಗಳ ಮೇಲೆ ನಾನು ಸಂಭಾಜಿನಗರಕ್ಕೆ ಹೋದಾಗ ಅವರು ಮಗಳ ಮನೆಯ ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಬೆಳಕು ಕತ್ತಲೆ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಮೀನಿನ ಮಾತು ಎತ್ತಲಿಲ್ಲ. ನನ್ನ ಕೈ ಹುಡುಕಿ ಹಿಡಿದು ಕೇಳಿದರು, "ಆ ಹೆಂಗಸು ಈಗ ನಡೀತಾಳಾ? ನೀವು ಹೋಗಿ ನೋಡಿದ್ದೀರಲ್ಲ?"

ನಾನು ಹೋಗಿರಲಿಲ್ಲ. "ನಡೀತಾಳ್ರಿ ಅಣ್ಣಾರ" ಅಂದೆ. ಅವರ ಮುಖ ಸ್ವಲ್ಪ ಸಡಿಲಾಯಿತು. ಒಳಗೆ ಚಹಾ ಸೋಸುತ್ತಿದ್ದ ಮಗಳು ಬಾಗಿಲಿಗೆ ಬಂದು ನನ್ನನ್ನು ನೋಡಿದಳು.

ಮುಂದಿನ ರಜೆಯ ದಿನವೇ ನಿಫಾಡ್ ಕಡೆ ಹೋದೆ. ಕೂಲಿಯವರ ತಗಡಿನ ಕೋಣೆಗಳ ಸಾಲಿನಲ್ಲಿ ಆ ಹೆಂಗಸಿನ ಬಗ್ಗೆ ವಿಚಾರಿಸಿದೆ. ಪಕ್ಕದ ಕೋಣೆಯಾಕೆ ಜೋಳ ಕೇರುತ್ತ ಹೇಳಿದಳು: ಕೋಲು ಹಿಡಿದು ನಾಲ್ಕು ಹೆಜ್ಜೆ ಹಾಕುತ್ತಿದ್ದಳಂತೆ. ಬಳ್ಳಿಯ ಕೆಳಗೆ ದಿನವಿಡೀ ನಿಲ್ಲಲಾಗದವಳಿಗೆ ಕೆಲಸ ಕೊಡುವವರಿಲ್ಲ. ಗಂಡ ಹೆಂಡತಿ ಊರಿಗೆ ಹೋಗಿಬಿಟ್ಟರು.

"ಯಾವ ಊರು?" ಎಂದೆ.

ಆಕೆಗೆ ಗೊತ್ತಿರಲಿಲ್ಲ. ಗುಡ್ಡದ ಕಡೆಗೆಲ್ಲೋ ಎಂದು ಮೊರದಿಂದಲೇ ಪಶ್ಚಿಮಕ್ಕೆ ತೋರಿಸಿದಳು. ಗಂಡ ಹೆಂಡತಿ ಇದ್ದ ಕೋಣೆಯಲ್ಲಿ ಆಗಲೇ ಬೇರೆ ಸಂಸಾರ ಒಲೆ ಹೂಡಿತ್ತು.