ಹಿತ್ತಿಲ ಬಾಗಿಲ ಎಡೆ

ಮಾರ್ಲಾಮಿಯ, ಅಂದರೆ ಹಿರಿಯರ ಹಬ್ಬದ ದಿನ ಕುಂಬಳಕಾಯಿ ಹೆಚ್ಚುತ್ತಾ ಕೂತಿದ್ದ ಶಿವಮ್ಮ ಬೆರಳು ಕುಯ್ದುಕೊಂಡಳು. ಮುಳ್ಳೂರಿನ ಈ ಮನೆಗೆ ಸೊಸೆಯಾಗಿ ಬಂದ ಮೇಲೆ ಅದೇ ಈಳಿಗೆಮಣೆಯಲ್ಲಿ ಅವಳು ಹೆಚ್ಚಿದ ಕುಂಬಳಕಾಯಿ ಒಟ್ಟಿದರೆ ಒಂದು ಲಾರಿ ತುಂಬೀತು. ಇಂಥದ್ದು ಎಂದೂ ಆಗಿರಲಿಲ್ಲ. ಇವತ್ತು ಗಮನ ಮಣೆಯ ಮೇಲಿರಲಿಲ್ಲ. ಬೆರಳನ್ನು ಬಾಯಿಗಿಟ್ಟುಕೊಂಡು ನಡುಮನೆಯ ಕಡೆ ಕಿವಿ ಕೊಟ್ಟಳು.

ಅಲ್ಲಿ ಅವಳ ಮಾವ ದೊಡ್ಡಮಾದಪ್ಪ ತನ್ನ ಮಗನಿಗೆ ಹೇಳುತ್ತಿದ್ದ.

"ಅನೂರೋರು ಬರ್ಲಿ. ಎಡೆ ಮುಂದೆ ಕರ್ಪೂರ ಅಚ್ಚಿ ಏಳ್ಬುಡ್ತೀನಿ. ಆ ಮಾದೇಶನ್ನೇ ಕಟ್ಕತೀನಿ ಅಂದ್ರೆ ಕೋಮಲ ಈ ಮನೆ ಕೂಸಲ್ಲ. ಅವಳ ಎಸ್ರನ್ನೂ ಯಾರೂ ಎತ್ಕೂಡ್ದು."

"ಆಯ್ತಪ್ಪ" ಅಂದ ರುದ್ರಸ್ವಾಮಿ. ಶಿವಮ್ಮನ ಗಂಡ ಅಪ್ಪನಿಗೆ ಬೇರೆ ಉತ್ತರ ಕೊಟ್ಟದ್ದನ್ನು ಊರಲ್ಲಿ ಯಾರೂ ಕೇಳಿದವರಿಲ್ಲ.

ಸತ್ತ ಹಿರಿಯರಿಗೆ ಎಲೆ ಹಾಕಿ, ಹೊಸ ಬಟ್ಟೆ ಇಟ್ಟು, ಬಡಿಸಿದ ಎಡೆಯ ಮುಂದೆ ಆಡಿದ ಮಾತನ್ನು ಆ ಮನೆಯಲ್ಲಿ ಯಾರೂ ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ. ಇವತ್ತು ಸಂಜೆ ಕರ್ಪೂರ ಉರಿಯುವುದರೊಳಗೆ ಏನಾದರೂ ಮಾಡದಿದ್ದರೆ ಶಿವಮ್ಮನಿಗೆ ಇದ್ದೊಬ್ಬ ಮಗಳು ಕೋಮಲ ಇಲ್ಲವಾಗುತ್ತಿದ್ದಳು.

ಹುಡುಗನಲ್ಲಿ ಕುಂದಿರಲಿಲ್ಲ. ಮಾದೇಶ ಹನೂರಿನವನು, ಹಿಪ್ಪುನೇರಳೆ ಬೆಳೆದು, ರೇಷ್ಮೆ ಹುಳು ಸಾಕಿ, ಗೂಡನ್ನು ಕೊಳ್ಳೇಗಾಲಕ್ಕೆ ತರುತ್ತಿದ್ದ. ಕೋಮಲ ಅಲ್ಲೇ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ತೊಡಕೆಂದರೆ ಎರಡೂ ಮನೆಯವರದು ಒಂದೇ ಬೆಡಗು, ಅಂದರೆ ಒಬ್ಬ ಮೂಲಪುರುಷನ ಮಕ್ಕಳು, ದಾಯಾದಿಗಳು. ಒಂದೇ ಬೆಡಗಿನ ಹುಡುಗ ಹುಡುಗಿ ಎಷ್ಟು ತಲೆಮಾರು ಕಳೆದರೂ ಅಣ್ಣ ತಂಗಿಯೇ. ಮಾದೇಶನ ತಾತ ಕೆಂಪನಂಜಪ್ಪನೂ ಈ ಮದುವೆಯ ಮಾತು ಕೇಳಿ ಕಿವಿ ಮುಚ್ಚಿಕೊಂಡಿದ್ದ.

"ರಿಜಿಸ್ಟರ್ ಆಫೀಸಲ್ಲಿ ಆಯ್ತೀನಿ ಅವ್ವ. ಅವನ್ನ ಬುಡು ಅಂದ್ರೆ ಈ ಮನೇನೇ ಬುಡ್ತೀನಿ" ಎಂದು ಕೋಮಲ ಹೇಳಿದ್ದಳು. ಹಟದಲ್ಲಿ ಅವಳು ತಾತನ ಮೊಮ್ಮಗಳೇ. ಇಬ್ಬರ ನಡುವೆ ಸಿಕ್ಕ ಶಿವಮ್ಮನಿಗೆ ಹದಿನೈದು ದಿನದಿಂದ ಅನ್ನ ಇಳಿಯುತ್ತಿರಲಿಲ್ಲ.

ಊರಿನವರು ಶಿವಮ್ಮನಿಗೆ ಇಟ್ಟ ಹೆಸರು ಜನಗಣತಿ ಶಿವಮ್ಮ. ನಾಮಕರಣವಿರಲಿ, ಸಾವಿರಲಿ, ಹೋದ ಮನೆಯಲ್ಲಿ ಮೂಲೆಯ ಮುದುಕಿಯನ್ನು ಹುಡುಕಿ ಪಕ್ಕದಲ್ಲಿ ಕೂರುವಳು. ನಿಮ್ಮ ತವರು ಯಾವುದು, ನಿಮ್ಮವ್ವನ ತವರು ಯಾವುದು, ಅವರನ್ನು ಯಾಕೆ ಅಷ್ಟು ದೂರ ಕೊಟ್ಟರು ಎಂದು ಶುರುಮಾಡಿದರೆ ಬಸ್ಸು ಹೋದದ್ದೂ ಗೊತ್ತಾಗುತ್ತಿರಲಿಲ್ಲ. ಮಾರ್ಟಳ್ಳಿಯಲ್ಲಿ ತಮಿಳು ಬೆರೆಸಿ ಮಾತಾಡುವ ಅಜ್ಜಿಯೊಬ್ಬಳ ಬಾಯಿ ಬಿಡಿಸಲು ಕೂತು, ಕತ್ತಲಾಗಿ, ಅಲ್ಲೇ ಮಲಗಿ ಬಂದವಳು ಅವಳು.

"ನಿಂಗ್ಯಾಕಮ್ಮಿ ಮಂದಿ ಮನೆ ಉಸಾಬರಿ?" ಎಂದು ರುದ್ರಸ್ವಾಮಿ ರೇಗಿಸುತ್ತಿದ್ದ. "ನಂಗೆ ಏಳು ತಲೆ ಎಸ್ರು ಬಾಯಲ್ಲದೆ. ಅಷ್ಟು ಸಾಲ್ದಾ?"

"ಏಳು ತಲೇಲಿ ಒಂದೂ ಎಣ್ಣಿಲ್ವಲ್ಲ. ನೀವೆಲ್ಲ ಮರದಿಂದ ಉದುರುದ್ರಾ?"

ಅವಳು ಕೇಳಿದ್ದು ತಮಾಷೆಗಲ್ಲ. ಎಡೆ ಇಡುವಾಗ ಗಂಡಸರ ಹೆಸರನ್ನು ಒಂದೊಂದಾಗಿ ಕೂಗುವರು. ಹೆಂಗಸರಿಗೆಲ್ಲ ಸೇರಿಸಿ "ಅವ್ವಂದಿರೇ, ಬನ್ನಿ" ಎಂದು ಒಂದೇ ಕೂಗು. ವಂಶದ ಕತೆ ಎಂದರೆ ಹೆಂಗಸರೇ ಯಾಕೆ ಬಾಯಿ ಚಪ್ಪರಿಸುತ್ತಾರೆ ಎಂದು ಜಗಲಿಯ ಮೇಲೆ ನಗುವ ಗಂಡಸರಿಗೆ ಇದು ಹೊಳೆಯುವುದೇ ಇಲ್ಲ. ಹುಟ್ಟಿದ ಮನೆಯಲ್ಲೇ ಬೆಳೆದು ಅಲ್ಲೇ ಸಾಯುವವನು ಯಾರನ್ನು ಏನು ಕೇಳಬೇಕು? ಹೊಸದಾಗಿ ಬಂದ ಸೊಸೆಯ ಪಾಡು ಬೇರೆ. ಯಾರಿಗೆ ಸೆರಗು ಹೊದೆಯಬೇಕು, ಯಾರ ಮನೆಗೆ ಮಾತಿಲ್ಲ, ಯಾರನ್ನು ಅತ್ತೆ ಎನ್ನಬೇಕು, ಯಾರ ಮುಂದೆ ಯಾವ ಸಾವಿನ ಮಾತು ಎತ್ತಬಾರದು ಎಂದು ಕಲಿಯದೆ ಅವಳಿಗೆ ಒಂದು ವಾರವೂ ನಡೆಯುವುದಿಲ್ಲ. ಅದು ಹವ್ಯಾಸವಾಗುವುದು ಆಮೇಲೆ; ಮೊದಲು ಅದು ಬದುಕುವ ದಾರಿ.

ಹಾಗೆ ಕಲಿತದ್ದರಲ್ಲಿ ಹಿತ್ತಿಲ ಬಾಗಿಲ ಎಡೆಯೂ ಒಂದು. ಮದುವೆಯಾದ ವರ್ಷವೇ, ಈಗ ತೀರಿಕೊಂಡಿರುವ ಅತ್ತೆ ದೊಡ್ಡಬಸಮ್ಮ ಅದನ್ನು ತೋರಿಸಿಕೊಟ್ಟಿದ್ದಳು. ಹಿರಿಯರಿಗೆಲ್ಲ ನಡುಮನೆಯಲ್ಲಿ ಎಲೆ ಹಾಕಿದ ಮೇಲೆ ಒಂದು ಎಲೆಯನ್ನು ಸದ್ದಿಲ್ಲದೆ ಹಿತ್ತಿಲ ಹೊಸ್ತಿಲಿನ ಆಚೆ ಹಾಕಬೇಕು. ಕಜ್ಜಾಯ, ವಡೆ, ಅನ್ನ, ಸಾರು ಎಲ್ಲ ಬಡಿಸಬೇಕು. ಕುಂಬಳಕಾಯಿ ಪಲ್ಯ ಮಾತ್ರ ಸೋಕಿಸಬಾರದು. ಯಾರದ್ದತ್ತೆ ಎಂದು ಕೇಳಿದ್ದಕ್ಕೆ, "ನಮ್ಮತ್ತೆ ಇಕ್ತಿದ್ಲು, ನಾನು ಇಕ್ತೀನಿ, ನೀನೂ ಇಕ್ಕು" ಎಂದಿದ್ದಳು. ಗಂಡಸರು ಅದನ್ನು ದಿಕ್ಕಿಲ್ಲದವರ ಎಡೆ ಅನ್ನುತ್ತಿದ್ದರು. ಯಾರೂ ಆ ಕಡೆ ಹೋಗಿ ನೋಡುತ್ತಿರಲಿಲ್ಲ.

ಅದರ ಗುಟ್ಟು ರಟ್ಟಾದದ್ದು ಕಳೆದ ವಾರ, ಯಳಂದೂರಿನ ಕಡೆ ಒಂದು ನಾಮಕರಣದಲ್ಲಿ. ಬಾಣಂತಿಯ ತವರಿನವರು ತಂದ ಬುಟ್ಟಿಯಲ್ಲಿ ಕುಂಬಳಕಾಯಿ ಕಂಡ ಕೂಡಲೇ ಆ ಮನೆಯ ಹಿರಿಮುದುಕಿ ಚಿಕ್ಕನಿಂಗಮ್ಮ ಬಾಗಿಲಿಗೆ ಅಡ್ಡ ನಿಂತಳು. ನಮ್ಮ ಬೆಡಗಿನವರು ಕುಂಬಳ ಮುಟ್ಟಲ್ಲ, ಹೊಸ್ತಿಲ ಒಳಗೆ ತರಬೇಡಿ ಎಂದಳು. ಶಿವಮ್ಮನಿಗೆ ಹಿತ್ತಿಲ ಬಾಗಿಲ ಎಡೆ ನೆನಪಾಯಿತು. ಎಂದಿನಂತೆ ಅವಳ ಪಕ್ಕ ಹೋಗಿ ಕೂತಳು.

"ಮುಳ್ಳೂರಾ?" ಎಂದು ಚಿಕ್ಕನಿಂಗಮ್ಮ ಕಣ್ಣು ಕಿರಿದು ಮಾಡಿದಳು. "ಇಂದೆ ನಮ್ಮನೆ ಗಂಡೈದ ಒಬ್ಬ ಅಲ್ಲೀಗೆ ಮನೆಯಳಿಯ ಆಗಿ ಓದ್ನಂತೆ. ಚಿಕ್ಕಗೌರಮ್ಮ ಅಂತ, ದೊಡ್ಡ ಮನೆಗೆ ಒಬ್ಳೇ ಮಗಳು. ಅವಳ ಎಸ್ರೇಳಿ ನಮ್ಮತ್ತೆ ಬೈತಿದ್ಲು, ಐದನ್ನ ಕಿತ್ಕಂಡ್ಲು ಅಂತ."

"ಆ ಐದನ ಎಸ್ರು?"

"ಯಾರ್ಗೊತ್ತು? ಎಣ್ಣಿನ ಮನೆ ಸೇರ್ದೋನು ನಮ್ ಪಾಲ್ಗೆ ಸತ್ತ, ಎಸ್ರು ಎತ್ಬ್ಯಾಡಿ ಅಂತ ಅವನಪ್ಪ ಆಣೆ ಇಕ್ದ. ಅಲ್ಗೇ ಓಯ್ತು."

ವಾಪಸು ಬರುವ ಬಸ್ಸಿನಲ್ಲಿ ಶಿವಮ್ಮ ಲೆಕ್ಕ ಕೂಡಿಸಿದಳು. ಗಂಡ ಹೇಳುವ ಏಳು ತಲೆಯಲ್ಲಿ ಮಾವನ ಅಪ್ಪ ಗುರುಸಿದ್ದಪ್ಪ, ಅವನ ಅಪ್ಪ ಕೆಂಪಮಾದಪ್ಪ. ಆದರೆ ಕೆಂಪಮಾದಪ್ಪನಿಗೆ ಇದ್ದದ್ದು ಒಬ್ಬಳೇ ಮಗಳು ಎಂದು ಅತ್ತೆ ಒಮ್ಮೆ ಬಾಯಿತಪ್ಪಿ ಅಂದಿದ್ದಳು. ಗುರುಸಿದ್ದಪ್ಪ ಅವನ ಮಗನಲ್ಲ, ಮಗಳ ಮಗ. ನಡುವೆ ಒಬ್ಬ ಗಂಡಸನ್ನು ನುಂಗಿ, ಮೊಮ್ಮಗನನ್ನೇ ಮಗ ಮಾಡಿಕೊಂಡು, ಗಂಡಸರು ಪಟ್ಟಿ ಒಪ್ಪ ಮಾಡಿದ್ದರು! ಬೆಡಗು ಬರುವುದು ಅಪ್ಪನಿಂದ; ಹಾಗಾದರೆ ಈ ಮನೆಯವರ ಬೆಡಗು ಯಳಂದೂರಿನ ಕಡೆಯದು. ಕೆಂಪಮಾದಪ್ಪನ ತಮ್ಮನ ಪೀಳಿಗೆಯಾದ ಹನೂರಿನವರು ದಾಯಾದಿಗಳಲ್ಲ, ಕೊಟ್ಟು ತರುವ ನಂಟರು. ಕೋಮಲ, ಮಾದೇಶ ಅಣ್ಣ ತಂಗಿಯಲ್ಲ.

ಖುಷಿಯಿಂದ ಅವಳ ಕಣ್ಣು ತುಂಬಿತು. ಮರುಗಳಿಗೆಯೇ ಹೆದರಿದಳು. ಮನೆದೇವರ ಗುಡಿಯಲ್ಲಿ ಹಿರೀ ಮನೆಯವನೆಂದು ಮೊದಲ ವೀಳ್ಯ ಹಿಡಿಯುತ್ತಿದ್ದವನು ದೊಡ್ಡಮಾದಪ್ಪ. ಇದು ಹೊರಬಿದ್ದರೆ ಆ ವೀಳ್ಯ ಹನೂರಿನ ಕೆಂಪನಂಜಪ್ಪನ ಪಾಲಾಗುತ್ತದೆ. ಮುದುಕನ ಮಾನ ಇದ್ದದ್ದೇ ಆ ಎಲೆಯಡಿಕೆಯಲ್ಲಿ. ಅದನ್ನು ಸೊಸೆಯೊಬ್ಬಳು ದಾಯಾದಿಗಳ ಎದುರು ಕಿತ್ತುಕೊಂಡರೆ ಅವಳು ತವರಿನ ಬಸ್ಸು ಹತ್ತಬೇಕಾದೀತು. ಗಂಡನಿಗೆ ಗುಟ್ಟಾಗಿ ಹೇಳಿದಳು. ಅವನು ಬಿಳಿಚಿಕೊಂಡು, "ಬಾಯ್ ಮುಚ್ಕಂಡಿರು, ನಿನ್ ಕಾಲಿಗ್ ಬೀಳ್ತೀನಿ" ಅಂದ.

ದಾಯಾದಿಗಳೆಂದು ವರ್ಷವೂ ಎಡೆಗೆ ಬರುವ ಹನೂರಿನವರು ಸಂಜೆಗೆ ಬಂದರು. ನಡುಮನೆಯಲ್ಲಿ ಎಲೆಗಳ ಸಾಲು ಹಾಕಿ, ಅದರ ಮುಂದೆ ಹಣ್ಣುಕಾಯಿ, ವೀಳ್ಯದ ತಟ್ಟೆ ಇಟ್ಟಿದ್ದರು. ಹಿರಿಯರ ಎಡೆಯ ಜೊತೆಗೇ ಮನೆಯ ಯಜಮಾನನಿಗೂ ಎಲೆ ಹಾಕುವುದು ಅಲ್ಲಿನ ರೂಢಿ; ದೊಡ್ಡಮಾದಪ್ಪ ತನ್ನ ಎಲೆಯ ಮುಂದೆ ಕೂತಿದ್ದ. ಕೆಂಪನಂಜಪ್ಪ ಪಕ್ಕದಲ್ಲಿದ್ದ. ಮಾದೇಶ ಜಗಲಿಯ ಕಂಬ ಹಿಡಿದು ನಿಂತಿದ್ದ. ಅವನನ್ನು ಯಾರೂ ಒಳಗೆ ಕರೆದಿರಲಿಲ್ಲ. ಕೋಮಲ ಅಡುಗೆಮನೆಯ ಬಾಗಿಲಲ್ಲಿದ್ದಳು. ಅವಳ ಬಟ್ಟೆಯ ಚೀಲ ಆಗಲೇ ಕಟ್ಟಿತ್ತು.

ದೊಡ್ಡಮಾದಪ್ಪ ಕರ್ಪೂರದ ಬಿಲ್ಲೆ ಕೈಗೆತ್ತಿಕೊಂಡ.

ಶಿವಮ್ಮ ಪಲ್ಯದ ಪಾತ್ರೆ ಹಿಡಿದು ಬಡಿಸುತ್ತಿದ್ದವಳು ನಿಂತುಬಿಟ್ಟಳು. "ಮಾವ, ಕರ್ಪೂರ ಅಚ್ಬ್ಯಾಡಿ. ಇತ್ಲು ಬಾಗಲ ಎಡೆ ಯಾರ್ದು ಏಳಿ."

ರುದ್ರಸ್ವಾಮಿ ಗೋಡೆ ಕಡೆ ತಿರುಗಿದ.

"ದಿಕ್ಕಿಲ್ದೋರ್ದು" ಅಂದ ದೊಡ್ಡಮಾದಪ್ಪ. "ಸರಿ ಅತ್ಲಾಗೆ."

"ದಿಕ್ಕಿಲ್ದೋರಾದ್ರೆ ಕುಂಬಳಕಾಯಿ ಯಾಕ್ ಇಕ್ಕಲ್ಲ?"

ಅವಳು ನಿಲ್ಲಿಸಲಿಲ್ಲ. ಚಿಕ್ಕಗೌರಮ್ಮನ ಕತೆ, ಮನೆಯಳಿಯನ ಕತೆ, ಕುಂಬಳ ಮುಟ್ಟದ ಬೆಡಗಿನ ಕತೆ ಎಲ್ಲ ಹೇಳಿದಳು. ಕೆಂಪನಂಜಪ್ಪನ ಮುಖ ಮೊದಲ ವೀಳ್ಯದ ನೆನಪಿಗೆ ಒಮ್ಮೆ ಅರಳಿ, ಮತ್ತೆ ಗಂಟಾಯಿತು. "ಯಾವ್ದೋ ಮುದ್ಕಿ ಏಳುದ್ಲು ಅಂತ ಬೆಡಗು ಬದ್ಲಾದದಾ? ಎಂಗುಸ್ರು ಮಾತು ಕಟ್ಕಂಡ್ರೆ ಆಯ್ತು. ಅಣ್ಣಯ್ಯ, ನೀನ್ ಅಚ್ಚು" ಅಂದ.

ಕಡ್ಡಿ ಗೀರಿದ ಸದ್ದಾಯಿತು. ಶಿವಮ್ಮ ಸೋತಿದ್ದಳು. ಅಷ್ಟು ವರ್ಷ ಹೆಕ್ಕಿ ತಂದದ್ದೆಲ್ಲ ಆ ಜಾಗದಲ್ಲಿ ಹೆಂಗಸರ ಹರಟೆಯಾಗಿ ಬಿದ್ದಿತ್ತು. ಅವಳು ಕೈಯಲ್ಲಿದ್ದ ಪಾತ್ರೆಯನ್ನು ನೋಡಿದಳು, ಮಾವನ ಎಲೆಯನ್ನು ನೋಡಿದಳು. ಎಲ್ಲರ ಎಲೆಯಲ್ಲೂ ಪಲ್ಯವಿತ್ತು, ಮಾವನ ಎಲೆಯಲ್ಲಿರಲಿಲ್ಲ. ಮುದುಕನಿಗೆ ಕುಂಬಳಕಾಯಿ ವಾಯು ಎಂದು ಅವಳು ಎಂದೂ ಬಡಿಸಿದವಳಲ್ಲ. ಕಡಲೆ, ಆಲೂಗಡ್ಡೆ, ಹಲಸಿನ ಹಣ್ಣು ಯಾವುದೂ ಮಾಡದ ವಾಯು ಕುಂಬಳಕಾಯಿಯೊಂದು ಹೇಗೆ ಮಾಡುತ್ತಿತ್ತು?

ಅವಳು ಬಗ್ಗಿ, ಮಾವನ ಎಲೆಯ ಮೇಲೆ ಒಂದು ಸೌಟು ಕುಂಬಳಕಾಯಿ ಪಲ್ಯ ಬಡಿಸಿದಳು.

"ತಿನ್ನಿ ಮಾವ. ನಂದು ಸುಳ್ಳಾದ್ರೆ ಒಂದು ತುತ್ತು ತಿಂದ್ಬುಟ್ಟು, ಕರ್ಪೂರ ಅಚ್ಚಿ. ನಾನೇ ಕೂಸ್ನ ಕೈಯಾರೆ ಆಚ್ಗೆ ಕಳುಗ್ತೀನಿ."

ಕಡ್ಡಿ ಬೆರಳ ತನಕ ಉರಿದು ಆರಿತು. ದೊಡ್ಡಮಾದಪ್ಪ ಕಣ್ಣು ಕೆಂಪಗೆ ಮಾಡಿ ಸೊಸೆಯನ್ನು ನೋಡಿದ. ಆಮೇಲೆ ಪಲ್ಯದ ಒಂದು ಹೋಳನ್ನು ಎತ್ತಿದ. ಕೈ ಗದ್ದದವರೆಗೆ ಬಂತು. ಕೋಮಲ ಸೆರಗಿನಂತೆ ದುಪಟ್ಟಾವನ್ನು ಬಾಯಿಗೆ ಒತ್ತಿಕೊಂಡಳು. ತಿಂದುಬಿಟ್ಟರೆ ಮುಗಿಯಿತು, ಎರಡು ಬೆರಳಿನ ಕೆಲಸ.

ಹೋಳು ಬಾಯಿಗೆ ಹೋಗಲಿಲ್ಲ. ಮುದುಕ ಅದನ್ನು ಎಲೆಯ ಅಂಚಿಗೆ ಮೆಲ್ಲಗೆ ಇಟ್ಟು, ಬೆರಳನ್ನು ನೀರಿನಲ್ಲಿ ಅದ್ದಿ ತೊಳೆದುಕೊಂಡ.

"ಅಜ್ಜ ಸಾಯೋವಾಗ ನನ್ ಕೈ ಇಡ್ಕಂಡಿದ್ದ" ಅಂದ. "ಈ ಮನೆ ಅನ್ನ ಉಂಡೆ, ಈ ಮನೆ ಬೆಡಗು ಒತ್ಕಂಡೆ. ಕುಂಬಳ ಒಂದ ಮುಟ್ಬ್ಯಾಡ ಕಣ್ಲಾ, ನಂದು ಅಂತ ಉಳ್ದಿರೋದು ಅದೊಂದೇ ಅಂದ. ಮುಟ್ನಿಲ್ಲ ನಾನು. ಯಾರ್ಗೂ ಏಳ್ನೂ ಇಲ್ಲ."

ಶಿವಮ್ಮನಿಗೆ ಅಲ್ಲಿಯವರೆಗೆ ಇದ್ದ ಸಿಟ್ಟು ಎಲ್ಲಿ ಹೋಯಿತೋ. ಗಂಡಸರಿಗೆ ವಂಶದ ಗೊಡವೆಯೇ ಇಲ್ಲ ಎಂದು ಜೀವಮಾನವಿಡೀ ಅಂದುಕೊಂಡಿದ್ದಳು. ತನ್ನ ಮುಂದೆಯೇ ಒಬ್ಬ ಗಂಡಸು ಎಪ್ಪತ್ತು ವರ್ಷ ಅದನ್ನು ನಾಲಿಗೆಯ ಮೇಲೆ ಕಾಯ್ದಿದ್ದ. ಅವಳು ಸಿಕ್ಕವರನ್ನೆಲ್ಲ ಕೇಳಿ ಕೇಳಿ ಕಾಯ್ದಳು. ಇವನು ಯಾರೂ ಕೇಳದಂತೆ ನೋಡಿಕೊಂಡು ಕಾಯ್ದ. ಅವಳಿಗೆ ಅವನ ಮೇಲೆ ಮರುಕ ಬಂತು.

ದೊಡ್ಡಮಾದಪ್ಪ ವೀಳ್ಯದ ತಟ್ಟೆಯನ್ನು ಕೆಂಪನಂಜಪ್ಪನ ಕಡೆ ತಳ್ಳಿದ. "ತಕ. ಇದು ನಿಂದು."

ಕೆಂಪನಂಜಪ್ಪ ಅದನ್ನು ಮುಟ್ಟಲಿಲ್ಲ. ಜಗಲಿಯ ಕಡೆ ತಿರುಗಿ ಮೊಮ್ಮಗನನ್ನು ಕೂಗಿದ. "ಲೇ ಮಾದೇಶ, ಅಲ್ಲಿ ಯಾಕ್ಲಾ ನಿಂತಿದ್ದೈ? ಒಳೀಕ್ ಬಾ. ನಂಟ್ರ ಮನೆ ಕಣ್ಲಾ ಇದು."

ಕೋಮಲ ಅಳುತ್ತಾ ಗೋಡೆಗೆ ಒರಗಿದಳು. ದೊಡ್ಡಮಾದಪ್ಪ ಮೊಮ್ಮಗಳ ಕಡೆ ನೋಡುವ ಧೈರ್ಯ ಮಾಡಲಿಲ್ಲ. ಸೊಸೆಗೆ ಹೇಳಿದ, "ಆ ಎಡೇನ ಒಳೀಕ್ ತಕಂಡ್ ಬಾವ್ವ."

ಶಿವಮ್ಮ ಹಿತ್ತಿಲ ಹೊಸ್ತಿಲಿನಿಂದ ಎಲೆಯನ್ನು ಎರಡೂ ಕೈಯಲ್ಲಿ ಹಿಡಿದು ತಂದು, ಸಾಲಿನಲ್ಲಿ ಕೆಂಪಮಾದಪ್ಪನ ಎಡೆಯ ಪಕ್ಕ ಇಟ್ಟಳು.

"ಎಸ್ರು ಕೂಗ್ಬೇಕಲ್ಲ ಮಾವ. ನಂಗ್ ಅದೊಂದ್ ಸಿಗ್ನಿಲ್ಲ."

"ಬೆಳ್ಳಪ್ಪ" ಅಂದ ಮುದುಕ. ರುದ್ರಸ್ವಾಮಿ ಅದನ್ನು ತನ್ನೊಳಗೇ ಒಂದು ಸಲ ಹೇಳಿಕೊಂಡ. ಏಳು ತಲೆಯೂ ಬಾಯಿಪಾಠವಿದ್ದವನಿಗೆ ಅದು ಹೊಸ ಹೆಸರು.

"ಜತೇಗೆ ನಿಮ್ಮಜ್ಜೀದು?"

ದೊಡ್ಡಮಾದಪ್ಪ ಬಾಯಿ ತೆರೆದ. ಹುಡುಕಿದ. ತನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು, ಈ ಮನೆ ಯಾರದಾಗಿತ್ತೋ ಅವಳು. "ಅಜ್ಜಿ... ಅಜ್ಜಿ ಅಂತಲೇ ಕರೀತಿದ್ವಿ" ಅಂದ. ತಲೆ ತಗ್ಗಿತು.

"ಚಿಕ್ಕಗೌರಮ್ಮ ಮಾವ. ಈಗ್ಲೇ ಏಳ್ದ್ನಲ್ಲ."

ಮುದುಕ ಕರ್ಪೂರ ಹಚ್ಚಿದ. ಮೊದಲು ಬೆಳ್ಳಪ್ಪನನ್ನು ಕರೆದ. ಆಮೇಲೆ, ಸೊಸೆ ಹೇಳಿಕೊಟ್ಟಂತೆ, ತನ್ನ ಅಜ್ಜಿಯನ್ನು ಹೆಸರು ಹಿಡಿದು ಕೂಗಿದ.